ಕದಲದ ನೆರಳು: ಶೋಗ್ರೆನ್ಸ್ ಇದ್ದ ಒಬ್ಬ ಮಹಿಳೆಯ ಶ್ವಾಸಕೋಶದ ಲಿಂಫೋಮಾ

ಎರಡು ಎಕ್ಸ್‌ರೇ ಫಿಲ್ಮ್‌ಗಳನ್ನು ಅಕ್ಕಪಕ್ಕ ಬೆಳಕಿಗೆ ಹಿಡಿದೆ. ಒಂದು ಹಿಂದಿನ ವಾರದ್ದು. ಇನ್ನೊಂದು ಅದಕ್ಕೆ 22 ತಿಂಗಳು ಮೊದಲು, ಕಣ್ಣಿನ ಪೊರೆಯ ಆಪರೇಷನ್‌ಗೆ ಮುಂಚೆ ತೆಗೆಸಿದ್ದು. ಹೊಸದರಲ್ಲಿ ಬಲ ಶ್ವಾಸಕೋಶದ ನಡುಭಾಗದಲ್ಲಿ, ಹೃದಯದ ಅಂಚಿಗೆ ಒತ್ತಿಕೊಂಡಂತೆ, ಬಿಳಿಯ ನೆರಳು. ಹಳೆಯದರಲ್ಲೂ ಅದೇ ಜಾಗದಲ್ಲಿ ಅದು ಇತ್ತು. ಚಿಕ್ಕದು, ಮಸುಕು, ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ ಮಾತ್ರ ಕಾಣುವಂಥದ್ದು. ಆ ಫಿಲ್ಮ್‌ನ ವರದಿಯಲ್ಲಿ ‘ವಿಶೇಷವೇನಿಲ್ಲ’ ಎಂದಿತ್ತು. 22 ತಿಂಗಳು ಒಂದೇ ಕಡೆ ಕೂತು ನಿಧಾನವಾಗಿ ಹಿಗ್ಗುವುದು ಸಾಮಾನ್ಯ ನ್ಯುಮೋನಿಯಾದ ನಡವಳಿಕೆಯಲ್ಲ. ಆದರೆ ಅಷ್ಟು ಹೊತ್ತಿಗೆ ಆ ರೋಗಿಗೆ ನ್ಯುಮೋನಿಯಾ ಎಂದು ಎರಡು ಸಲ, ಬಾಯಿ-ಕಣ್ಣು ಒಣಗಿಸುವ ಶೋಗ್ರೆನ್ಸ್ ಎಂಬ ಆಕೆಯ ಹಳೆಯ ಕಾಯಿಲೆ ಶ್ವಾಸಕೋಶಕ್ಕೂ ಬಂದಿದೆ ಎಂದು ಒಂದು ಸಲ ಚಿಕಿತ್ಸೆ ನಡೆದಿತ್ತು.

ಇಲ್ಲಿ ಬರುವ ರೋಗಿ ಒಬ್ಬರೇ ವ್ಯಕ್ತಿಯಲ್ಲ. ಇದೇ ಹಾದಿಯಲ್ಲಿ ನಡೆದು ಬಂದವರ ವಿವರಗಳನ್ನು ಸೇರಿಸಿ, ಯಾರ ಗುರುತೂ ಸಿಗದ ಹಾಗೆ ಒಂದು ಪ್ರಕರಣವಾಗಿ ಬರೆದಿದ್ದೇನೆ. ಇಷ್ಟು ಬಿಡಿಸಿ ಬರೆಯುವುದಕ್ಕೆ ಕಾರಣವಿದೆ. ಆಟೋಇಮ್ಯೂನ್ ಕಾಯಿಲೆ, ಅಂದರೆ ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ, ಇರುವವರಿಗೆ ಹೊಸದಾಗಿ ಏನೇ ಬಂದರೂ ಅದನ್ನು ಹಳೆಯ ಕಾಯಿಲೆಯ ಲೆಕ್ಕಕ್ಕೇ ಬರೆದುಬಿಡುವ ಅಭ್ಯಾಸ ವೈದ್ಯರಾದ ನಮ್ಮಲ್ಲಿ ಬಲವಾಗಿ ಬೇರೂರಿದೆ. ರೋಗಿಗಳಲ್ಲೂ ಇದೆ, ಮನೆಯವರಲ್ಲೂ ಇದೆ. ಎಷ್ಟೋ ಸಲ ಆ ಲೆಕ್ಕ ಸರಿಯಾಗಿಯೇ ಇರುತ್ತದೆ. ಈ ಸಲ ಇರಲಿಲ್ಲ.

ಹನ್ನೊಂದು ವರ್ಷದ ಒಣಬಾಯಿ

ಆಕೆಗೆ 58 ವರ್ಷ, ಶಾಲೆಯಲ್ಲಿ ಟೀಚರ್. ನೀರಿನ ಬಾಟಲಿ ಇಲ್ಲದೆ ತರಗತಿಗೆ ಹೋಗಿದ್ದು ನೆನಪೇ ಇಲ್ಲ ಎಂದರು. ನಾಲ್ಕು ಮಾತು ಆಡುವಷ್ಟರಲ್ಲಿ ನಾಲಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಕಣ್ಣಿನಲ್ಲಿ ಮರಳು ಬಿದ್ದಂತೆ ಉರಿ, ಒಂದರ ಹಿಂದೊಂದು ಹುಳುಕಾಗುವ ಹಲ್ಲು, ಮಧ್ಯಾಹ್ನವಾಗುವಷ್ಟರಲ್ಲಿ ಮೈಯೆಲ್ಲ ಸೋತುಹೋಗುವ ಆಯಾಸ. ಶೋಗ್ರೆನ್ಸ್ ಸಿಂಡ್ರೋಮ್ ಎಂದು ಗೊತ್ತಾಗಿ ಹನ್ನೊಂದು ವರ್ಷವಾಗಿತ್ತು. ರಕ್ತದಲ್ಲಿ ಆಂಟಿ-ರೋ ಪ್ರತಿಕಾಯ ಇತ್ತು, ತುಟಿಯ ಒಳಮೈಯಿಂದ ತೆಗೆದ ಸಣ್ಣ ಗ್ರಂಥಿಯ ಬಯಾಪ್ಸಿಯಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಗುಂಪುಗಳಿದ್ದವು. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ, ಕಣ್ಣಿಗೆ ಹನಿ, ಬಾಯಿಗೆ ನೀರು. ಇದು ಅವರ ದಿನಚರಿ.

ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರ ತಮ್ಮ ಪ್ರಬಂಧದಲ್ಲಿ ಈ ಕಾಯಿಲೆಯನ್ನು ವಿವರಿಸಿದ್ದರು. ದೇಹವನ್ನು ಕಾಯಬೇಕಾದ ಲಿಂಫೋಸೈಟ್‌ಗಳು ಜೊಲ್ಲಿನ ಗ್ರಂಥಿ, ಕಣ್ಣೀರಿನ ಗ್ರಂಥಿಗಳಿಗೇ ಮುತ್ತಿಗೆ ಹಾಕುತ್ತವೆ. ಒಣಗುವುದು ಅದರ ಕಣ್ಣಿಗೆ ಕಾಣುವ ಭಾಗ. ಆ ಲಿಂಫೋಸೈಟ್‌ಗಳು, ಅದರಲ್ಲೂ ಪ್ರತಿಕಾಯ ತಯಾರಿಸುವ ಬಿ-ಕೋಶಗಳು, ವರ್ಷಗಟ್ಟಲೆ ಪ್ರಚೋದನೆಗೊಳ್ಳುತ್ತಾ ಇರುತ್ತವೆ ಎಂಬುದು ಕಾಣದ ಭಾಗ. 1978ರ ಒಂದು ಅಧ್ಯಯನ ಶೋಗ್ರೆನ್ಸ್ ಇರುವವರಲ್ಲಿ ಲಿಂಫೋಮಾದ, ಅಂದರೆ ಲಿಂಫೋಸೈಟ್‌ಗಳ ಕ್ಯಾನ್ಸರ್‌ನ, ಸಾಧ್ಯತೆ ಉಳಿದವರಿಗಿಂತ 44 ಪಟ್ಟು ಎಂದು ಲೆಕ್ಕ ಹಾಕಿತು. ನಂತರದ ಅಧ್ಯಯನಗಳಲ್ಲಿ ಆ ಸಂಖ್ಯೆ ಇಳಿದಿದೆ, ಆದರೂ ಆಟೋಇಮ್ಯೂನ್ ಕಾಯಿಲೆಗಳಲ್ಲಿ ಲಿಂಫೋಮಾದ ಅಪಾಯ ಹೆಚ್ಚಿರುವ ಸಾಲಿನಲ್ಲಿ ಇದು ಮೊದಲಿಗೆ ನಿಲ್ಲುತ್ತದೆ. ಜೀವಮಾನದಲ್ಲಿ ನೂರಕ್ಕೆ 5ರಿಂದ 10 ಮಂದಿಗೆ ಬರಬಹುದು ಎಂಬ ಅಂದಾಜನ್ನು ರೋಗಿಗಳಿಗೆ ಹೇಳುತ್ತೇವೆ. ಅಂದರೆ ನೂರಕ್ಕೆ ಕನಿಷ್ಠ ತೊಂಬತ್ತು ಮಂದಿಗೆ ಬರುವುದಿಲ್ಲ. ಈ ಎರಡನೇ ಅರ್ಧವನ್ನೂ ಜೊತೆಗೇ ಹೇಳಬೇಕು.

ಬರುವವರಲ್ಲಿ ಮುಂಚಿತವಾಗಿಯೇ ಕೆಲವು ಸುಳಿವುಗಳಿರುತ್ತವೆ. ಈಕೆಯ ಫೈಲ್‌ನಲ್ಲಿ ಅವು ಬಹುಮಟ್ಟಿಗೆ ಎಲ್ಲವೂ ಇದ್ದವು, ಬೇರೆ ಬೇರೆ ಹಾಳೆಗಳಲ್ಲಿ, ಬೇರೆ ಬೇರೆ ಕೈಬರಹಗಳಲ್ಲಿ. ಎಡ ಕಿವಿಯ ಕೆಳಗಿನ ಪರೋಟಿಡ್ ಎಂಬ ಜೊಲ್ಲಿನ ಗ್ರಂಥಿ ಎರಡು ವರ್ಷದಿಂದ ಊದಿಕೊಂಡಿತ್ತು. ಬಂದುಹೋಗುವ ಊತವಲ್ಲ, ಬಂದು ನಿಂತ ಊತ. ಮೂರು ವರ್ಷದ ಹಿಂದೆ ಕಾಲಿನ ಮೇಲೆ ಕೈಗೆ ಸಿಗುವಂಥ ನೇರಳೆ ಚುಕ್ಕೆಗಳು ಎರಡು ಸಲ ಎದ್ದಿದ್ದವು. ಚರ್ಮದ ವೈದ್ಯರು ನೋಡಿ ಬರೆದಿದ್ದರು. ಅದೇ ಸುಮಾರಿನ ಒಂದು ರಕ್ತಪರೀಕ್ಷೆಯಲ್ಲಿ ರೋಗನಿರೋಧಕ ವ್ಯವಸ್ಥೆಯ ಸಿ4 ಕಾಂಪ್ಲಿಮೆಂಟ್ ಎಂಬ ಪ್ರೋಟೀನ್ ಕಡಿಮೆ, ರುಮಟಾಯ್ಡ್ ಫ್ಯಾಕ್ಟರ್ ಎಂಬ ಪ್ರತಿಕಾಯ ತುಂಬ ಹೆಚ್ಚು, ಲಿಂಫೋಸೈಟ್ ಎಣಿಕೆ ತುಸು ಕಡಿಮೆ. ಪರೋಟಿಡ್ ಊತ ಶೋಗ್ರೆನ್ಸ್‌ನಿಂದ, ಚುಕ್ಕೆ ಶೋಗ್ರೆನ್ಸ್‌ನಿಂದ, ಸಿ4 ಇಳಿದದ್ದೂ ಶೋಗ್ರೆನ್ಸ್‌ನಿಂದ. ಬಿಡಿಯಾಗಿ ನೋಡಿದರೆ ಯಾವ ವಾಕ್ಯವೂ ಸುಳ್ಳಲ್ಲ. ನಿಂತ ಪರೋಟಿಡ್ ಊತ, ಕಾಲಿನ ನೇರಳೆ ಚುಕ್ಕೆ, ಇಳಿದ ಸಿ4 ಮೂರೂ ಒಬ್ಬರಲ್ಲೇ ಸೇರಿದರೆ ಲಿಂಫೋಮಾದ ದಾರಿ ಕಾಯುತ್ತಾ ನೋಡಿಕೊಳ್ಳಬೇಕಾದ ರೋಗಿ ಇವರು ಎಂದು ಅರ್ಥ. ಮೂರನ್ನೂ ಒಂದೇ ಮೇಜಿನ ಮೇಲೆ ಹರಡಿ ನೋಡಿದವರು ಇರಲಿಲ್ಲ.

ಕೆಮ್ಮು

ಒಣ ಕೆಮ್ಮು ಶುರುವಾದದ್ದು ನನ್ನ ಬಳಿ ಬರುವುದಕ್ಕೆ ಎಂಟು ತಿಂಗಳ ಹಿಂದೆ. ಶೋಗ್ರೆನ್ಸ್ ಇರುವವರಿಗೆ ಶ್ವಾಸನಾಳವೂ ಒಣಗುವುದರಿಂದ ಕೆಮ್ಮು ಹೊಸತಲ್ಲ, ಆಕೆಯೂ ಮೊದಲಿಗೆ ಗಮನ ಕೊಡಲಿಲ್ಲ. ಜ್ವರವಿರಲಿಲ್ಲ. ಕಫವಿರಲಿಲ್ಲ. ಎಕ್ಸ್‌ರೇಯಲ್ಲಿ ನೆರಳು ಕಂಡಾಗ ಆ್ಯಂಟಿಬಯೋಟಿಕ್ ಕೊಟ್ಟರು. ಮೂರು ವಾರ ಬಿಟ್ಟು ಬೇರೊಂದು ಆ್ಯಂಟಿಬಯೋಟಿಕ್. ನೆರಳು ಇದ್ದಲ್ಲೇ ಇತ್ತು. ಕ್ಷಯಕ್ಕಾಗಿ ಕಫ ಪರೀಕ್ಷೆ ಮಾಡಿಸಿದರು, ಏನೂ ಸಿಗಲಿಲ್ಲ.

ಆಮೇಲೆ ಸ್ಟೆರಾಯ್ಡ್. ದಿನಕ್ಕೆ 40 ಮಿ.ಗ್ರಾಂ ಪ್ರೆಡ್ನಿಸೊಲೋನ್, ಆರು ವಾರ. ಈ ತೀರ್ಮಾನ ಹೇಗೆ ಬಂತೆಂದು ನನಗೆ ಅರ್ಥವಾಗುತ್ತದೆ. ಶೋಗ್ರೆನ್ಸ್ ಶ್ವಾಸಕೋಶವನ್ನು ಹಲವು ಬಗೆಯಲ್ಲಿ ಕೆಡಿಸುತ್ತದೆ, ಅವುಗಳಲ್ಲಿ ಕೆಲವು ಸ್ಟೆರಾಯ್ಡ್‌ಗೆ ಚೆನ್ನಾಗಿ ಬಗ್ಗುತ್ತವೆ. ಆಕೆಗೂ ಹಿಡಿಸಿತು. ಕೆಮ್ಮು ಅರ್ಧಕ್ಕಿಳಿಯಿತು, ಪರೋಟಿಡ್ ಊತ ತಗ್ಗಿತು, ನೆರಳು ಒಂದಿಷ್ಟು ಕುಗ್ಗಿತು. ಎಲ್ಲರೂ ನಿರಾಳರಾದರು. ಹಳೆಯ ಕಾಯಿಲೆಯ ಲೆಕ್ಕ ಸರಿ ಎಂದು ಅದೇ ಸಾಬೀತು ಮಾಡಿದಂತೆ ಕಂಡಿತು.

ಇಲ್ಲಿಯೇ ಅಡಿ ತಪ್ಪುವುದು. ಲಿಂಫೋಮಾ ಕೋಶವೂ ಲಿಂಫೋಸೈಟೇ. ಸ್ಟೆರಾಯ್ಡ್ ಲಿಂಫೋಸೈಟ್‌ಗಳನ್ನು ಕೊಲ್ಲುತ್ತದೆ. ಎಷ್ಟೋ ಲಿಂಫೋಮಾ ಚಿಕಿತ್ಸೆಗಳಲ್ಲಿ ಸ್ಟೆರಾಯ್ಡ್ ಒಂದು ಔಷಧವಾಗಿಯೇ ಸೇರಿರುತ್ತದೆ. ಹಾಗಾಗಿ ಸ್ಟೆರಾಯ್ಡ್‌ಗೆ ನೆರಳು ಕುಗ್ಗಿತು ಎಂಬ ಸಂಗತಿ ಉರಿಯೂತ ಯಾವುದು, ಲಿಂಫೋಮಾ ಯಾವುದು ಎಂದು ಬೇರ್ಪಡಿಸಿ ಹೇಳಲಾರದು. ಸಾಲದ್ದಕ್ಕೆ, ಆಮೇಲೆ ಬಯಾಪ್ಸಿ ಮಾಡಿದರೆ ಕಾಣಬೇಕಾದದ್ದು ಅರ್ಧ ಅಳಿಸಿಹೋಗಿರುತ್ತದೆ. ಮಾತ್ರೆಯನ್ನು 10 ಮಿ.ಗ್ರಾಂಗೆ ಇಳಿಸಿದಾಗ ಕೆಮ್ಮು ಮರಳಿತು, ನೆರಳು ಮೊದಲಿಗಿಂತ ಅಗಲವಾಯಿತು. ಆಗ ನನ್ನ ಬಳಿ ಕಳಿಸಿದರು.

ಬಂದ ದಿನ ಮಗಳು ಜೊತೆಯಲ್ಲಿದ್ದಳು. ‘ಅಮ್ಮನ ಹಳೆಯ ಎಕ್ಸ್‌ರೇ ಎಲ್ಲಾದರೂ ಇದೆಯಾ?’ ಎಂದು ಕೇಳಿದೆ. ಅಲ್ಮೇರಾ ಮೇಲೆ ಒಂದು ಕವರ್ ಇದೆ, ಅದು ಬರೀ ಕಣ್ಣಿನ ಆಪರೇಷನ್‌ದು ಎಂದಳು. ಮಾರನೆಯ ದಿನ ತಂದಳು. ಮೊದಲಿಗೆ ಹೇಳಿದ ಎರಡನೇ ಫಿಲ್ಮ್ ಅದು.

ಸಿಟಿಯಲ್ಲಿ ಕಂಡದ್ದು

ಬಲ ಶ್ವಾಸಕೋಶದ ಮಧ್ಯದ ಹಾಲೆಯಲ್ಲಿ ಸುಮಾರು 5 ಸೆಂ.ಮೀ. ಅಗಲದ ಗಟ್ಟಿ ಜಾಗ. ಅದರೊಳಗೆ ಗಾಳಿ ಕೊಳವೆಗಳು ಮುಚ್ಚಿಹೋಗದೆ ಹಾಗೇ ತೆರೆದುಕೊಂಡಿದ್ದವು, ಬಿಳಿ ಗೋಡೆಯ ಮೇಲೆ ಕಪ್ಪು ರೆಂಬೆಗಳ ಹಾಗೆ. ಕಾಂಟ್ರಾಸ್ಟ್ ತುಂಬಿದ ರಕ್ತನಾಳಗಳೂ ಅದರ ನಡುವೆ ಸೊಟ್ಟಗಾಗದೆ ಹಾದುಹೋಗಿದ್ದವು. ತಳ್ಳಿ, ಒತ್ತಿ, ಕೆಡವಿ ಬೆಳೆಯುವ ಗಡ್ಡೆಯ ನಡತೆ ಹೀಗಿರುವುದಿಲ್ಲ. ಇದು ಇದ್ದ ಕಟ್ಟಡವನ್ನು ಹಾಗೇ ಬಿಟ್ಟು ಸಂದುಗಳನ್ನು ತುಂಬುತ್ತಾ ಹೋಗಿತ್ತು. ಎಡಗಡೆ ಒಂದು ಸೆಂ.ಮೀ. ಒಳಗಿನ ಮೂರು ಗಂಟುಗಳು. ಎರಡೂ ಕಡೆ ಅಲ್ಲಲ್ಲಿ ತೆಳು ಗೋಡೆಯ ಗಾಳಿ ಗುಳ್ಳೆಗಳು.

ಗುಳ್ಳೆಗಳು ಲಿಂಫಾಯ್ಡ್ ಇಂಟರ್‌ಸ್ಟಿಷಿಯಲ್ ನ್ಯುಮೋನಿಯಾ ಎಂಬುದರತ್ತ, ಅಂದರೆ ಲಿಂಫೋಸೈಟ್‌ಗಳು ಶ್ವಾಸಕೋಶದಲ್ಲಿ ತುಂಬಿಕೊಳ್ಳುವ ಉರಿಯೂತದತ್ತ, ಕೈ ತೋರಿಸುತ್ತವೆ. ಶೋಗ್ರೆನ್ಸ್‌ನಲ್ಲಿ ಅದು ಹೊಸದೇನಲ್ಲ, ಕ್ಯಾನ್ಸರೂ ಅಲ್ಲ. ಗಟ್ಟಿ ಜಾಗ ಮತ್ತು ಗಂಟುಗಳನ್ನು ನೋಡಿದರೆ ಪಟ್ಟಿ ಉದ್ದವಾಗುತ್ತದೆ: ಆರ್ಗನೈಸಿಂಗ್ ನ್ಯುಮೋನಿಯಾ, ಅಮಿಲಾಯ್ಡ್ ಎಂಬ ಕೆಟ್ಟ ಪ್ರೋಟೀನ್ ಶೇಖರವಾದ ಗಂಟು, ಐಜಿಜಿ4 ಕಾಯಿಲೆ, ಕ್ಷಯ, ನಿಧಾನಗತಿಯ ಅಡಿನೋಕಾರ್ಸಿನೋಮಾ, ಲಿಂಫೋಮಾ. ಇವುಗಳಲ್ಲಿ ಎರಡು ಒಂದೇ ಶ್ವಾಸಕೋಶದಲ್ಲಿ ಒಟ್ಟಿಗೇ ಇರುವುದೂ ಉಂಟು. ಚಿತ್ರದಿಂದ ಅನುಮಾನ ಎಷ್ಟಾದರೂ ಪಡಬಹುದು, ಹೆಸರಿಡಲಾಗುವುದಿಲ್ಲ.

ಸಣ್ಣ ಚೂರು

ಈಗ ನನ್ನ ತಪ್ಪಿಗೆ ಬರುತ್ತೇನೆ. ಮೊದಲು ಬ್ರಾಂಕೋಸ್ಕೋಪಿ ಮಾಡಿದೆ. ಬಾಯಿಯಿಂದ ಕೊಳವೆ ಇಳಿಸಿ, ಚಿಮುಟದಿಂದ ಶ್ವಾಸಕೋಶದ ಐದು ಚೂರು ತೆಗೆದೆ, ಒಂದೊಂದೂ ಎರಡು ಮಿ.ಮೀ.ನಷ್ಟು. ಆಗ ಆಕೆ ಇನ್ನೂ ಸ್ಟೆರಾಯ್ಡ್ ಮೇಲಿದ್ದರು. ವರದಿ ಬಂತು: ಸಣ್ಣ ಲಿಂಫೋಸೈಟ್‌ಗಳ ದೀರ್ಘಕಾಲದ ಉರಿಯೂತ, ಕ್ಯಾನ್ಸರ್ ಕೋಶ ಕಂಡಿಲ್ಲ. ಕೊನೆಯ ಮೂರು ಪದಗಳನ್ನು ಆಕೆಗೂ ಮಗಳಿಗೂ ಓದಿ ಹೇಳಿದೆ. ಅವರ ಮುಖದಲ್ಲಿ ಮೂಡಿದ ನೆಮ್ಮದಿ ನನಗೂ ಅಂಟಿಕೊಂಡಿತು. ಲಿಂಫಾಯ್ಡ್ ಇಂಟರ್‌ಸ್ಟಿಷಿಯಲ್ ನ್ಯುಮೋನಿಯಾ ಇರಬಹುದೆಂದು ಬರೆದು, ಆರು ವಾರ ಬಿಟ್ಟು ಬರಲು ಹೇಳಿದೆ.

ಐದನೇ ದಿನ ಪ್ಯಾಥಾಲಜಿಸ್ಟ್ ಫೋನ್ ಮಾಡಿದರು. ‘ನಾನು ಕಂಡಿಲ್ಲ ಅಂತ ಬರೆದಿದ್ದೇನೆ, ಇಲ್ಲ ಅಂತ ಬರೆದಿಲ್ಲ’ ಎಂದರು. ಚೂರು ಹಿಂಡಿಹೋಗಿದೆ, ಜೊತೆಗೆ ಸ್ಟೆರಾಯ್ಡ್ ನಡೆಯುತ್ತಿದೆ, ಸಣ್ಣ ಲಿಂಫೋಸೈಟ್ ಬಿಟ್ಟು ಬೇರೇನೂ ಕಾಣದೆ ಇರುವುದೇ ನನಗೆ ಸಮಾಧಾನ ಕೊಡುತ್ತಿಲ್ಲ, ದೊಡ್ಡ ತುಂಡು ಕೊಡಿ ಎಂದು ಕೇಳಿದರು. ಆ ಫೋನ್ ಬರದಿದ್ದರೆ ನಾನು ಆರು ವಾರ ಕಾಯುತ್ತಿದ್ದೆ, ಬಹುಶಃ ಆಮೇಲೂ ಕಾಯುತ್ತಿದ್ದೆ. ‘ಕಂಡಿಲ್ಲ’ ಎಂಬ ಮಾತಿಗೂ ‘ಇಲ್ಲ’ ಎಂಬ ಮಾತಿಗೂ ಇರುವ ಅಂತರವನ್ನು ವಿದ್ಯಾರ್ಥಿಗಳಿಗೆ ಪಾಠ ಹೇಳುವವನು ನಾನೇ.

ಆಕೆಯನ್ನು ಕರೆಸಿ ಮೊದಲ ಪರೀಕ್ಷೆ ಸಾಲದೆಂದು, ನಾನು ಅವಸರದಲ್ಲಿ ಸಮಾಧಾನ ಹೇಳಿದೆನೆಂದು ತಿಳಿಸಿದೆ. ಆಕೆ ಬಾಟಲಿಯಿಂದ ಒಂದು ಗುಟುಕು ನೀರು ಕುಡಿದು, ‘ಇನ್ನೊಂದ್ಸಲ ಪರೀಕ್ಷೆ ಬರೀಬೇಕು ಅಂತೀರಿ, ಅಲ್ವಾ ಡಾಕ್ಟ್ರೇ’ ಎಂದರು. ಸ್ಟೆರಾಯ್ಡ್ ಅನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದೆವು, ನಾಲ್ಕು ವಾರ ಬಿಟ್ಟೆವು. ಆ ನಾಲ್ಕು ವಾರ ಕೆಮ್ಮು ಅವರನ್ನು ರಾತ್ರಿಯಿಡೀ ಕೂರಿಸಿತು. ಆಮೇಲೆ ಎದೆಯ ಸರ್ಜನ್ ಮೂರು ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಇಳಿಸಿ, ಮಧ್ಯದ ಹಾಲೆಯ ಅಂಚಿನಿಂದ 3 ಸೆಂ.ಮೀ.ನ ತುಂಡನ್ನು ಕೊಯ್ದು ತೆಗೆದರು.

ಆ ತುಂಡಿನಲ್ಲಿ ಎಲ್ಲವೂ ಇತ್ತು. ಸಣ್ಣ ಬಿ-ಲಿಂಫೋಸೈಟ್‌ಗಳು ಹಾಳೆ ಹಾಸಿದಂತೆ ಹರಡಿದ್ದವು. ಶ್ವಾಸನಾಳದ ಒಳಪದರಕ್ಕೆ ನುಗ್ಗಿ ಅದನ್ನು ಕೆಡಿಸಿದ ಜಾಗಗಳಿದ್ದವು. ಬಣ್ಣದ ಪರೀಕ್ಷೆಗಳಲ್ಲಿ ಬಿ-ಕೋಶದ ಗುರುತಾದ ಸಿಡಿ20 ಎದ್ದು ಕಂಡಿತು. ಸಿಡಿ5, ಸಿಡಿ10, ಸೈಕ್ಲಿನ್ ಡಿ1 ಇರಲಿಲ್ಲ, ಹಾಗಾಗಿ ಲಿಂಫೋಮಾದ ಬೇರೆ ಒಂದೆರಡು ಬಗೆಗಳು ಪಟ್ಟಿಯಿಂದ ಹೊರಬಿದ್ದವು. ವಿಭಜನೆಯ ವೇಗ ತೋರಿಸುವ ಕೆಐ-67 ನೂರಕ್ಕೆ 10ರ ಒಳಗೆ. ಕಾಂಗೋ ರೆಡ್ ಬಣ್ಣಕ್ಕೆ ಅಮಿಲಾಯ್ಡ್ ಸಿಗಲಿಲ್ಲ. ಅದನ್ನು ಕೇಳಿ ಮಾಡಿಸಲೇಬೇಕು, ಏಕೆಂದರೆ ಶೋಗ್ರೆನ್ಸ್ ಇರುವವರ ಶ್ವಾಸಕೋಶದಲ್ಲಿ ಅಮಿಲಾಯ್ಡ್ ಮತ್ತು ಈ ಲಿಂಫೋಮಾ ಜೊತೆಯಾಗಿ ಸಿಗುವುದುಂಟು.

ಕೊನೆಯ ತೀರ್ಪು ಕೊಟ್ಟದ್ದು ಲೈಟ್ ಚೈನ್, ಅಂದರೆ ಪ್ರತಿಕಾಯದ ಒಂದು ಭಾಗ. ಪ್ರತಿ ಬಿ-ಕೋಶವೂ ಕಪ್ಪಾ ಅಥವಾ ಲ್ಯಾಂಬ್ಡಾ ಎಂಬ ಎರಡರಲ್ಲಿ ಒಂದನ್ನು ಮಾತ್ರ ತಯಾರಿಸುತ್ತದೆ. ಬರೀ ಉರಿಯೂತವಾಗಿದ್ದರೆ ಎರಡೂ ಬಗೆಯವು ಬೆರೆತಿರುತ್ತವೆ, ಸುಮಾರಾಗಿ ಕಪ್ಪಾ ಎರಡಕ್ಕೆ ಲ್ಯಾಂಬ್ಡಾ ಒಂದು. ಇಲ್ಲಿ ಕಪ್ಪಾ ಬಿಟ್ಟು ಬೇರೆ ಇರಲೇ ಇಲ್ಲ. ಇಮ್ಯುನೋಗ್ಲಾಬ್ಯುಲಿನ್ ಜೀನ್ ಪರೀಕ್ಷೆಯಲ್ಲೂ ಒಂದೇ ಗೆರೆ. ಅಷ್ಟೂ ಕೋಶಗಳು ಒಂದೇ ತಾಯಿ ಕೋಶದ ಸಂತತಿ. ಹೆಸರು: ಮಾಲ್ಟ್ ಲಿಂಫೋಮಾ, ಅಂದರೆ ಲೋಳೆಪದರಕ್ಕೆ ಹೊಂದಿಕೊಂಡ ಲಿಂಫಾಯ್ಡ್ ಅಂಗಾಂಶದಿಂದ ಹುಟ್ಟುವ ಲಿಂಫೋಮಾ.

ಇಲ್ಲದ ಅಂಗಾಂಶ ಎಲ್ಲಿಂದ ಬಂತು

ಈ ಬಗೆಯನ್ನು ಪೀಟರ್ ಐಸಾಕ್ಸನ್ ಮತ್ತು ಡೆನಿಸ್ ರೈಟ್ 1983ರಲ್ಲಿ ಬೇರೆಯೇ ಒಂದು ಜಾತಿಯೆಂದು ಗುರುತಿಸಿದರು. ಅದಕ್ಕೆ ಮುಂಚೆ ಶ್ವಾಸಕೋಶದ ಇಂಥ ಎಷ್ಟೋ ಗಡ್ಡೆಗಳಿಗೆ ಸ್ಯೂಡೋಲಿಂಫೋಮಾ, ಅಂದರೆ ಹುಸಿ ಲಿಂಫೋಮಾ, ಎಂಬ ಹೆಸರಿತ್ತು. ಅಷ್ಟು ನಿಧಾನವಾಗಿ ಬೆಳೆಯುವುದನ್ನು ನಿಜವಾದ ಲಿಂಫೋಮಾ ಎಂದು ಕರೆಯಲು ಮನಸ್ಸು ಒಪ್ಪುತ್ತಿರಲಿಲ್ಲ. ಶ್ವಾಸಕೋಶದಲ್ಲೇ ಹುಟ್ಟುವ ಲಿಂಫೋಮಾ ಅಪರೂಪ. ಶ್ವಾಸಕೋಶದ ಒಟ್ಟು ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚಿಲ್ಲ. ಅದರಲ್ಲಿ ಬಹುಪಾಲು ಮಾಲ್ಟ್ ಬಗೆಯದೇ.

ಆರೋಗ್ಯವಂತ ವಯಸ್ಕರ ಶ್ವಾಸನಾಳದ ಗೋಡೆಯಲ್ಲಿ ಲಿಂಫಾಯ್ಡ್ ಅಂಗಾಂಶ ಇಲ್ಲವೆನ್ನುವಷ್ಟು ಕಡಿಮೆ. ಪ್ರಚೋದನೆ ನಿಲ್ಲದೆ ನಡೆದರೆ ಅದು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಜಠರದಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಈ ಕೆಲಸ ಮಾಡುತ್ತದೆ. ಅದನ್ನು ಕೊಂದರೆ ಎಷ್ಟೋ ಜನರಲ್ಲಿ ಜಠರದ ಮಾಲ್ಟ್ ಲಿಂಫೋಮಾ ತಾನೇ ಕರಗಿಹೋಗುತ್ತದೆ. ಶೋಗ್ರೆನ್ಸ್‌ನಲ್ಲಿ ಹೊರಗಿನ ಶತ್ರು ಬೇಕಿಲ್ಲ, ದೇಹದ ಸ್ವಂತ ಕಣಗಳೇ ಪ್ರಚೋದನೆ. ರುಮಟಾಯ್ಡ್ ಫ್ಯಾಕ್ಟರ್ ತಯಾರಿಸುವ ಬಿ-ಕೋಶಗಳು ಮತ್ತೆ ಮತ್ತೆ ಎಚ್ಚರಗೊಳ್ಳುತ್ತವೆ, ಅವನ್ನು ಬದುಕಿಸಿಡುವ ಬಾಫ್ ಎಂಬ ಪ್ರೋಟೀನ್ ರಕ್ತದಲ್ಲಿ ಹೆಚ್ಚಿರುತ್ತದೆ. ಪ್ರತಿ ವಿಭಜನೆಯೂ ಜೀನ್‌ನಲ್ಲಿ ಒಂದು ಕಾಗುಣಿತ ತಪ್ಪಾಗಲು ಅವಕಾಶ. ತುಂಬಿದ ಕೋಣೆಯಲ್ಲಿ ನೂರು ದನಿಗಳು ಗದ್ದಲ ಮಾಡುತ್ತಿದ್ದು, ವರ್ಷಗಳು ಕಳೆದಂತೆ ಒಂದೇ ದನಿ ಏರುತ್ತಾ ಉಳಿದವನ್ನು ಮುಳುಗಿಸಿದ ಹಾಗೆ. ಯಾವ ದಿನ ಅದು ಉರಿಯೂತವಾಗಿತ್ತು, ಯಾವ ದಿನ ಲಿಂಫೋಮಾ ಆಯಿತು ಎಂದು ಗೆರೆ ಎಳೆಯಲಾಗುವುದಿಲ್ಲ. 22 ತಿಂಗಳ ಹಿಂದಿನ ಆ ಮಸುಕು ನೆರಳು ಯಾವ ಕಡೆಗಿತ್ತೋ ಹೇಳಲಾರೆ.

‘ನಾಲ್ಕನೇ ಹಂತ’

ಹೆಸರು ಸಿಕ್ಕ ಮೇಲೆ ಎಲ್ಲೆಲ್ಲಿದೆ ಎಂದು ಹುಡುಕಬೇಕು. ಪೆಟ್ ಸ್ಕ್ಯಾನ್‌ನಲ್ಲಿ ಮಧ್ಯದ ಹಾಲೆ ಸಾಧಾರಣವಾಗಿ ಹೊಳೆಯಿತು, ಎಡ ಪರೋಟಿಡ್ ಕೂಡ ಹೊಳೆಯಿತು. ಮಾಲ್ಟ್ ಲಿಂಫೋಮಾ ಸಕ್ಕರೆಯನ್ನು ಅಷ್ಟಾಗಿ ಹೀರದ ಕಾರಣ ಪೆಟ್‌ನಲ್ಲಿ ಮಂಕಾಗಿಯೂ ಇರಬಹುದು. ಅಲ್ಲಿ ಹೊಳಪಿಲ್ಲ ಎಂದು ಸಮಾಧಾನಪಡುವಂತಿಲ್ಲ. ಒಂದು ಜಾಗ ತೀವ್ರವಾಗಿ ಹೊಳೆದರೆ ವೇಗದ ಲಿಂಫೋಮಾವಾಗಿ ಬದಲಾಗಿದೆಯೇ ಎಂದು ಅಲ್ಲಿಂದಲೇ ತುಂಡು ತೆಗೆಯಬೇಕು. ಇಲ್ಲಿ ಅಂಥದ್ದೇನೂ ಇರಲಿಲ್ಲ. ಪರೋಟಿಡ್‌ನಿಂದ ದಪ್ಪ ಸೂಜಿಯಲ್ಲಿ ತೆಗೆದ ಚೂರಿನಲ್ಲೂ ಅದೇ ಲಿಂಫೋಮಾ, ಅದೇ ಕಪ್ಪಾ. ಎರಡು ವರ್ಷದಿಂದ ಎಲ್ಲರ ಕಣ್ಣೆದುರಿಗಿದ್ದ ಊತ! ಮೂಳೆಮಜ್ಜೆ ಶುದ್ಧವಿತ್ತು, ಎಂಡೋಸ್ಕೋಪಿಯಲ್ಲಿ ಜಠರ ಶುದ್ಧವಿತ್ತು, ರಕ್ತದಲ್ಲಿ ಎಲ್‌ಡಿಎಚ್ ಎಂಬ ಕಿಣ್ವ ಮಿತಿಯೊಳಗಿತ್ತು.

ಕ್ರಯೋಗ್ಲಾಬ್ಯುಲಿನ್ ಪರೀಕ್ಷೆಯ ಬಗ್ಗೆ ಒಂದು ಮಾತು. ತಣ್ಣಗಾದರೆ ಗಡ್ಡೆಕಟ್ಟುವ ಪ್ರೋಟೀನ್ ಅದು. ರಕ್ತ ತೆಗೆದ ಕ್ಷಣದಿಂದ ಸೀರಂ ಬೇರ್ಪಡಿಸುವವರೆಗೆ ಮಾದರಿಯನ್ನು 37 ಡಿಗ್ರಿಯಲ್ಲೇ ಇಡಬೇಕು, ಇಲ್ಲವಾದರೆ ಹುಡುಕುವ ವಸ್ತು ಟ್ಯೂಬ್‌ನ ತಳದಲ್ಲಿ ಗಡ್ಡೆಯ ಜೊತೆ ಕೂತುಬಿಟ್ಟು ‘ನೆಗೆಟಿವ್’ ಬರುತ್ತದೆ. ಆಕೆಯ ಹಳೆಯ ವರದಿ ನೆಗೆಟಿವ್ ಇತ್ತು. ಬೆಚ್ಚಗಿನ ನೀರಿನ ಫ್ಲಾಸ್ಕ್‌ನಲ್ಲಿ ಟ್ಯೂಬ್ ಇಟ್ಟು ಲ್ಯಾಬ್‌ಗೆ ಒಯ್ದಾಗ ಪಾಸಿಟಿವ್ ಬಂತು. ಕಾಲಿನ ಚುಕ್ಕೆಗಳ ಮೂಲ ಅದೇ.

ಶ್ವಾಸಕೋಶ ಮತ್ತು ಪರೋಟಿಡ್ ಎರಡರಲ್ಲೂ ಇದ್ದುದರಿಂದ ಕಾಗದದ ಮೇಲೆ 4ನೇ ಹಂತ ಎಂದು ಬರೆಯಬೇಕಾಯಿತು. ನಾನು ವಿವರಿಸುವ ಮುಂಚೆಯೇ ಮಗಳು ಅದನ್ನು ಓದಿದಳು. ಶ್ವಾಸಕೋಶ, ಕ್ಯಾನ್ಸರ್, ನಾಲ್ಕನೇ ಹಂತ: ಮೂರು ಪದಗಳನ್ನು ಸೇರಿಸಿಕೊಂಡು ಅವಳು ಕಾರಿಡಾರ್‌ನಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ‘ಎಷ್ಟು ತಿಂಗಳು ಸರ್?’ ಎಂದಳು. ಒಳಗೆ ಕರೆದು ಕೂರಿಸಿ ಹೇಳಿದೆ. ಶ್ವಾಸಕೋಶದ ಅಂಗಾಂಶವೇ ಕೆಟ್ಟು ಬರುವ ಕ್ಯಾನ್ಸರ್ ಬೇರೆ, ಶ್ವಾಸಕೋಶದಲ್ಲಿ ನೆಲೆಯಾದ ಲಿಂಫೋಮಾ ಬೇರೆ. ಹಂತದ ಸಂಖ್ಯೆ ಒಂದೇ ಆದರೂ ಎರಡರ ಹಣೆಬರಹ ಒಂದೇ ಅಲ್ಲ. ಮಾಲ್ಟ್ ಲಿಂಫೋಮಾ ಇರುವವರಲ್ಲಿ ಐದು ವರ್ಷದ ನಂತರವೂ ಹತ್ತರಲ್ಲಿ ಎಂಟೊಂಬತ್ತು ಮಂದಿ ಬದುಕಿರುತ್ತಾರೆ. ಇದನ್ನು ಕೇಳಿದ ಮೇಲೂ ಅವಳು ನಂಬಲು ಎರಡು ಭೇಟಿ ಹಿಡಿಯಿತು. ವರದಿಯನ್ನು ಕೈಗೆ ಕೊಡುವ ಮುಂಚೆ ಹತ್ತು ನಿಮಿಷ ಕೂತು ಮಾತಾಡಿದ್ದರೆ ಆ ಕಾರಿಡಾರ್‌ನ ಗಳಿಗೆ ಅವಳಿಗೆ ಬರುತ್ತಿರಲಿಲ್ಲ.

ಏನು ಮಾಡುವುದು

ಮೊದಲ ಪ್ರಶ್ನೆ, ಈಗ ಏನಾದರೂ ಮಾಡಬೇಕೇ ಎಂಬುದು. ತೊಂದರೆ ಕೊಡದ ಮಾಲ್ಟ್ ಲಿಂಫೋಮಾವನ್ನು ಸ್ಕ್ಯಾನ್ ಮಾಡುತ್ತಾ ಸುಮ್ಮನೆ ಕಾಯುವುದೂ ಒಪ್ಪಿತ ದಾರಿಯೇ. ಈಕೆಗೆ ಕೆಮ್ಮು ನಿದ್ದೆ ಕೆಡಿಸುತ್ತಿತ್ತು, ನೆರಳು ಬೆಳೆಯುತ್ತಿತ್ತು, ಕ್ರಯೋಗ್ಲಾಬ್ಯುಲಿನ್ ಇತ್ತು. ಕಾಯುವುದು ಬೇಡ ಎಂದು ಹೆಮಟಾಲಜಿಸ್ಟ್, ರುಮಟಾಲಜಿಸ್ಟ್, ನಾನು ಮೂವರೂ ಒಪ್ಪಿದೆವು. ಹಲವು ಕಡೆ ಹರಡಿರುವುದಕ್ಕೆ ಆಪರೇಷನ್ ಪ್ರಯೋಜನವಿಲ್ಲ. ಪರೋಟಿಡ್‌ಗೆ ವಿಕಿರಣ ಕೊಟ್ಟರೆ ಉಳಿದಿರುವ ಜೊಲ್ಲೂ ಒಣಗಿಹೋಗುತ್ತದೆ.

ಉಳಿದದ್ದು ರಿಟುಕ್ಸಿಮ್ಯಾಬ್, ಒಂಟಿಯಾಗಿ ಅಥವಾ ಕೀಮೋ ಜೊತೆ. ಸಿಡಿ20 ಇರುವ ಬಿ-ಕೋಶಗಳನ್ನು ಹುಡುಕಿ ಹಿಡಿಯುವ ಈ ಪ್ರತಿಕಾಯಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ. ಮಾಲ್ಟ್ ಲಿಂಫೋಮಾದ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಕ್ಲೋರಾಂಬುಸಿಲ್ ಮಾತ್ರೆಯನ್ನು ರಿಟುಕ್ಸಿಮ್ಯಾಬ್ ಜೊತೆ ಸೇರಿಸಿದವರಲ್ಲಿ ಕಾಯಿಲೆ ಹೆಚ್ಚು ಕಾಲ ಹತೋಟಿಯಲ್ಲಿತ್ತು. ಆದರೆ ಬದುಕುಳಿದವರ ಪ್ರಮಾಣ ಎಲ್ಲ ಗುಂಪುಗಳಲ್ಲೂ ಐದು ವರ್ಷಕ್ಕೆ ನೂರಕ್ಕೆ ಸುಮಾರು 90. ಈ ಲೆಕ್ಕವನ್ನು ಆಕೆಯ ಮುಂದಿಟ್ಟೆವು. ಹನ್ನೊಂದು ವರ್ಷದಿಂದ ರೋಗನಿರೋಧಕ ವ್ಯವಸ್ಥೆ ಏರುಪೇರಾಗಿರುವ ದೇಹ, ಕಡಿಮೆ ಲಿಂಫೋಸೈಟ್, ಆಯಾಸ. ಹಗುರವಾದದ್ದರಿಂದ ಶುರು ಮಾಡೋಣ, ಸಾಲದಿದ್ದರೆ ಮುಂದಿನದು ಇದ್ದೇ ಇದೆ ಎಂದು ಆಕೆಯೇ ಆರಿಸಿಕೊಂಡರು. ನನಗೂ ಅದೇ ಸರಿ ಎನಿಸಿತು.

ಔಷಧ ಕೊಡುವ ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆ, ಬರೀ ಸರ್ಫೇಸ್ ಆಂಟಿಜನ್ ಅಲ್ಲ, ಕೋರ್ ಪ್ರತಿಕಾಯವೂ. ಆಕೆಗೆ ಎರಡನೆಯದು ಪಾಸಿಟಿವ್ ಬಂತು. ಎಂದೋ ಬಂದು ಹೋದ ಸೋಂಕು, ಯಕೃತ್ತಿನಲ್ಲಿ ವೈರಸ್ ಮಲಗಿರುತ್ತದೆ. ರಿಟುಕ್ಸಿಮ್ಯಾಬ್ ಕೊಟ್ಟರೆ ಅದು ಎದ್ದು ಜೀವಕ್ಕೇ ಕುತ್ತು ತರಬಹುದು. ಎಂಟೆಕಾವಿರ್ ಮಾತ್ರೆ ಶುರು ಮಾಡಿ, ಚಿಕಿತ್ಸೆ ಮುಗಿದ ಮೇಲೂ ಒಂದು ವರ್ಷ ದಾಟುವವರೆಗೆ ಮುಂದುವರಿಸಿದೆವು. ನ್ಯುಮೋಕಾಕಲ್ ಲಸಿಕೆಯನ್ನೂ ಮುಂಚೆಯೇ ಹಾಕಿಸಿದೆವು. ಬಿ-ಕೋಶಗಳು ಅಳಿದ ಮೇಲೆ ಹಲವು ತಿಂಗಳು ಲಸಿಕೆಗೆ ದೇಹ ಸರಿಯಾಗಿ ಸ್ಪಂದಿಸುವುದಿಲ್ಲ.

ದೇಹದ ಪ್ರತಿ ಚದರ ಮೀಟರ್ ವಿಸ್ತೀರ್ಣಕ್ಕೆ 375 ಮಿ.ಗ್ರಾಂ, ವಾರಕ್ಕೊಂದರಂತೆ ನಾಲ್ಕು ಡ್ರಿಪ್. ಮೊದಲ ದಿನ ಅರ್ಧ ಗಂಟೆಗೆಲ್ಲ ಮೈ ನಡುಗಿ ಜ್ವರ ಬಂತು. ಡ್ರಿಪ್ ನಿಲ್ಲಿಸಿ, ನಿಧಾನಕ್ಕೆ ಮತ್ತೆ ಶುರು ಮಾಡಿದರು. ಉಳಿದ ಮೂರು ಸದ್ದಿಲ್ಲದೆ ಮುಗಿದವು. ಆರನೇ ವಾರಕ್ಕೆ ಕೆಮ್ಮು ನಿಂತಿತ್ತು. ಮೂರು ತಿಂಗಳ ಸಿಟಿಯಲ್ಲಿ ಗಟ್ಟಿ ಜಾಗ ಅರ್ಧವಾಗಿತ್ತು, ಒಂದು ವರ್ಷಕ್ಕೆ ಒಂದೆರಡು ಗೆರೆ ಮಾತ್ರ. ಕಿವಿಯ ಕೆಳಗಿನ ಊತ ಇಳಿಯಿತು. ಬಾಯಿ ಮಾತ್ರ ಒಣಗಿಯೇ ಇತ್ತು. ರಿಟುಕ್ಸಿಮ್ಯಾಬ್‌ನಿಂದ ಶೋಗ್ರೆನ್ಸ್‌ನ ಒಣಗುವಿಕೆ ವಾಸಿಯಾಗುತ್ತದೆಂಬ ಆಸೆಯನ್ನು ಪ್ರಯೋಗಗಳು ಎತ್ತಿಹಿಡಿದಿಲ್ಲ, ಆಕೆಗೆ ಅದನ್ನು ಮೊದಲೇ ಹೇಳಿದ್ದೆವು.

‘ಮಾತ್ರೆಯಿಂದಲೇ ಬಂತಾ?’

ಇದು ಮಗಳ ಪ್ರಶ್ನೆ, ಎಲ್ಲ ಮನೆಯವರ ಪ್ರಶ್ನೆಯೂ ಹೌದು. ಹೈಡ್ರಾಕ್ಸಿಕ್ಲೋರೋಕ್ವಿನ್ ಮೇಲೆ ಇಂಥ ಆರೋಪಕ್ಕೆ ಆಧಾರವಿಲ್ಲ. ವಿಶಾಲವಾಗಿ ನೋಡಿದರೆ, ಸ್ವೀಡನ್ನಿನಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕೀಲುಗಳ ಆಟೋಇಮ್ಯೂನ್ ಕಾಯಿಲೆಯ ಜೊತೆ ಲಿಂಫೋಮಾ ಬಂದ 378 ಮಂದಿಯನ್ನು ಲಿಂಫೋಮಾ ಬರದ ಆರ್ಥ್ರೈಟಿಸ್ ರೋಗಿಗಳ ಜೊತೆ ಹೋಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ವರ್ಷಗಟ್ಟಲೆ ತೀವ್ರ ಉರಿಯೂತ ಇದ್ದವರಲ್ಲೇ ಲಿಂಫೋಮಾ ಕೂಡಿಕೊಂಡಿತ್ತು, ಔಷಧ ತೆಗೆದುಕೊಂಡದ್ದರಿಂದ ಅಲ್ಲ. ಕ್ಯಾನ್ಸರ್ ಹೆದರಿಕೆಯಿಂದ ಮಾತ್ರೆ ಬಿಟ್ಟು ಉರಿಯೂತವನ್ನು ಉರಿಯಲು ಬಿಡುವವರಿಗೆ ಇದನ್ನು ಮತ್ತೆ ಮತ್ತೆ ಹೇಳುತ್ತೇನೆ.

ಒಂದು ವಿನಾಯಿತಿಯನ್ನು ಮುಚ್ಚಿಡುವಂತಿಲ್ಲ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವ ಆರ್ಥ್ರೈಟಿಸ್ ರೋಗಿಗಳಲ್ಲಿ ಕೆಲವರಿಗೆ, ಹಲವು ಸಲ ಎಪ್‌ಸ್ಟೈನ್-ಬಾರ್ ವೈರಸ್‌ನ ಜೊತೆಗೂಡಿ, ಲಿಂಫೋಮಾದಂಥ ಗಡ್ಡೆಗಳು ಏಳುತ್ತವೆ. ಶ್ವಾಸಕೋಶದಲ್ಲೂ ಏಳಬಹುದು. ಔಷಧ ನಿಲ್ಲಿಸಿದರೆ ಅವುಗಳಲ್ಲಿ ಒಂದಷ್ಟು ಕೆಲವೇ ವಾರಗಳಲ್ಲಿ ಕರಗುತ್ತವೆ. ಆದ್ದರಿಂದ ಮೆಥೊಟ್ರೆಕ್ಸೇಟ್ ಮೇಲಿರುವವರ ಶ್ವಾಸಕೋಶದಲ್ಲಿ ಲಿಂಫೋಮಾ ಸಿಕ್ಕಿ, ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ, ಕೀಮೋಗೆ ಮುಂಚೆ ಔಷಧ ನಿಲ್ಲಿಸಿ ಕೆಲವು ವಾರ ನೋಡುವುದುಂಟು. ನಿಲ್ಲಿಸುವುದು ವೈದ್ಯರ ಜೊತೆ ಮಾತಾಡಿಯೇ ಆಗಬೇಕು. ಈಕೆ ಮೆಥೊಟ್ರೆಕ್ಸೇಟ್ ತೆಗೆದುಕೊಂಡವರೇ ಅಲ್ಲ.

ಈಗ

ಚಿಕಿತ್ಸೆ ಮುಗಿದು ಮೂರು ವರ್ಷ. ಮಾಲ್ಟ್ ಲಿಂಫೋಮಾ ಹತ್ತು ವರ್ಷ ಬಿಟ್ಟೂ ಮರಳಬಹುದು, ಕೆಲವೊಮ್ಮೆ ಬೇರೆಯೇ ಜಾಗದಲ್ಲಿ, ಅಪರೂಪಕ್ಕೆ ವೇಗದ ಬಗೆಯಾಗಿ. ಹಾಗಾಗಿ ಆರು ತಿಂಗಳಿಗೊಮ್ಮೆ ಬರುತ್ತಾರೆ. ಕಿವಿಯ ಕೆಳಗೆ ಕೈಯಾಡಿಸಿ ನೋಡುತ್ತೇನೆ, ಸಿ4 ಮತ್ತು ಕ್ರಯೋಗ್ಲಾಬ್ಯುಲಿನ್ ನೋಡುತ್ತೇವೆ, ಟ್ಯೂಬ್ ಈಗಲೂ ಫ್ಲಾಸ್ಕ್‌ನಲ್ಲೇ ಹೋಗುತ್ತದೆ. ಎಕ್ಸ್‌ರೇ ಕವರ್‌ಗಳನ್ನು ಮಗಳು ತಾರೀಖಿನ ಪ್ರಕಾರ ಜೋಡಿಸಿ ತರುತ್ತಾಳೆ, ಪೊರೆ ಆಪರೇಷನ್‌ನದ್ದು ಎಲ್ಲಕ್ಕಿಂತ ಮೇಲೆ.

ಎಡ ಶ್ವಾಸಕೋಶದ ಮೂರು ಗಂಟುಗಳಲ್ಲಿ ಎರಡು ಹೋದವು. ಮೂರನೆಯದು 6 ಮಿ.ಮೀ., ಕಳೆದ ನಾಲ್ಕು ಸ್ಕ್ಯಾನ್‌ಗಳಲ್ಲೂ ಅಷ್ಟೇ ಇದೆ. ಗಾಯದ ಕಲೆಯೋ, ಮಲಗಿರುವ ಲಿಂಫೋಮಾವೋ ತಿಳಿಯಬೇಕಾದರೆ ಕೊಯ್ದು ನೋಡಬೇಕು. ಅಷ್ಟು ಚಿಕ್ಕದಕ್ಕೆ, ಅಷ್ಟು ಆಳದಲ್ಲಿರುವುದಕ್ಕೆ, ಈಗಲೇ ಅದು ಬೇಡ ಎಂದು ತೀರ್ಮಾನಿಸಿದ್ದೇವೆ. ಹೋದ ಸಲ ಆಕೆ ಫಿಲ್ಮ್ ಅನ್ನು ತಾವೇ ಬೆಳಕಿಗೆ ಹಿಡಿದು, ‘ಇದು ಇಲ್ಲೇ ಇದೆಯಲ್ಲ ಡಾಕ್ಟ್ರೇ’ ಎಂದರು. ಇದೆ, ಎಂದೆ. ಮುಂದಿನ ಸ್ಕ್ಯಾನ್‌ನ ತಾರೀಖನ್ನು ಚೀಟಿಯಲ್ಲಿ ಬರೆದುಕೊಟ್ಟೆ, ಆಕೆ ಅದನ್ನು ಬಾಟಲಿಯ ಚೀಲದೊಳಗೆ ಇಟ್ಟುಕೊಂಡರು.